ಚಳಿಗೆ ಮಲಗಿದ ಗಾಡಿಗಳನ್ನು ಎಬ್ಬಿಸುವ ಸತುರ್ನಿನಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಎತ್ತರದ ಪ್ರಸ್ಥಭೂಮಿಯ ಎಲ್ ಆಲ್ಟೊ ನಗರದ ರಿಯೊ ಸೆಕೊ ನಿಲ್ದಾಣದಲ್ಲಿ ಸಾಲಾಗಿ ನಿಂತ ಮಿನಿಬಸ್ಸುಗಳ ಗಾಜಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿದೆ. ಮುಂದಿನ ಬಿಳಿ ಗಾಡಿಯೊಳಗೆ ಜನ ಕಂಬಳಿ ಹೊದ್ದು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದಾರೆ. ಚಾಲಕ ನೆಮೆಸಿಯೊ ಕೀಲಿ ತಿರುಗಿಸುತ್ತಾನೆ. ಸೀಟಿನ ಕೆಳಗಿಂದ ‘ಕಟ್’ ಎಂಬ ಒಂದು ಸದ್ದು ಬರುತ್ತದೆ, ಅಷ್ಟೇ. ಮತ್ತೆ ತಿರುಗಿಸುತ್ತಾನೆ. ಈ ಸಲ ಅದೂ ಇಲ್ಲ.

“ದೋನ್ಯಾ ಸಾತು! ಸ್ವಲ್ಪ ಬನ್ನಿ ಈ ಕಡೆ. ಇವಳು ಮುನಿಸ್ಕೊಂಡು ಮಲಗಿಬಿಟ್ಟಿದ್ದಾಳೆ,” ಎಂದು ಕಿಟಕಿಯಿಂದ ಕೂಗುತ್ತಾನೆ.

“ಮುನಿಸ್ಕೊಳ್ಳದೆ ಏನ್ಮಾಡ್ತಾಳೆ? ನಿನ್ನೆ ಸಂಜೆ ಎಂಜಿನ್ ಆರಿಸಿ ಅಷ್ಟು ಹೊತ್ತು ಹಾಡು ಹಾಕ್ಕೊಂಡು ಕೂತಿದ್ದೆಯಲ್ಲ ಮೇಸ್ತ್ರಿ, ನಾನು ನೋಡ್ಲಿಲ್ವಾ?”

ಉತ್ತರ ಕೊಡುತ್ತಲೇ ಸತುರ್ನಿನಾ ಲಿಮಾಚಿ ನಡೆದು ಬರುತ್ತಾರೆ. ಇಲ್ಲಿ ಚಾಲಕರೆಲ್ಲ ಅವರಿಗೆ ‘ಮೇಸ್ತ್ರಿ’, ಅವರು ಚಾಲಕರಿಗೆ ‘ದೋನ್ಯಾ’, ಅಂದರೆ ಅಮ್ಮಾವರು. ಐವತ್ತು ದಾಟಿದ ಗಟ್ಟಿ ಹೆಂಗಸು. ನೆರಿಗೆ ಲಂಗ, ಬೆನ್ನಿನ ಮೇಲೆ ಎರಡು ಜಡೆ, ಕಂದು ಟೋಪಿ. ಎದೆಗೆ ಅಡ್ಡಲಾಗಿ ಕಟ್ಟಿದ ಶಾಲಿನ ಒಳಗಿಂದ, ಮಲಗಿದ ಬೆಕ್ಕಿನ ಮರಿಯನ್ನು ತೆಗೆಯುವ ಹಾಗೆ, ಒಂದು ಕಪ್ಪು ಪೆಟ್ಟಿಗೆಯನ್ನು ಹೊರತೆಗೆಯುತ್ತಾರೆ. ಬುತ್ತಿ ಡಬ್ಬಿಯಷ್ಟು ದೊಡ್ಡದು. ಅದರಿಂದ ಎರಡು ಗಿಡ್ಡ ತಂತಿ, ತುದಿಯಲ್ಲಿ ಕೆಂಪು ಮತ್ತು ಕಪ್ಪು ಹಿಡಿಕೆಗಳು. ಒಳಗಿರುವುದು ಲಿಥಿಯಂ ಬ್ಯಾಟರಿ. ಸತ್ತ ಗಾಡಿಯನ್ನು ಇನ್ನೊಂದು ಗಾಡಿಯ ನೆರವಿಲ್ಲದೆ ಎಬ್ಬಿಸುವ ಪೆಟ್ಟಿಗೆ ಇದು.

ಆದರೆ ಅವರು ಪೆಟ್ಟಿಗೆ ಹಚ್ಚುವುದಕ್ಕೆ ಮೊದಲು ಮಾಡುವ ಕೆಲಸವೇ ಬೇರೆ. ಬಾಗಿಲು ಸರ್ರನೆ ಎಳೆದು, “ಎಲ್ಲಾರೂ ಇಳೀರಿ,” ಎನ್ನುತ್ತಾರೆ.

“ಅಯ್ಯೋ, ಈಗ ತಾನೇ ಸೀಟು ಬೆಚ್ಚಗಾಗಿತ್ತು ಕಣಮ್ಮ,” ಎಂದು ಹಿಂದಿನ ಸೀಟಿನಿಂದ ಒಬ್ಬ ತರಕಾರಿ ಮಾರುವಾಕೆ ಗೊಣಗುತ್ತಾಳೆ.

“ಬೆಚ್ಚಗಿರೋದು ಅಲ್ಲಿದೆ ತಾಯಿ, ನನ್ನ ಯಜಮಾನರ ಗಾಡಿ ಹತ್ರ. ಒಂದು ಲೋಟ ಬಿಸಿ ಅಪಿ ಗಂಜಿ ಕುಡಿಯೋ ಅಷ್ಟರಲ್ಲಿ ಹೊರಡ್ತೀರ.”

“ನೋಡಿ ಇವರ ಉಪಾಯ,” ಎಂದು ನೆಮೆಸಿಯೊ ಪ್ರಯಾಣಿಕರತ್ತ ಕಣ್ಣು ಮಿಟುಕಿಸುತ್ತಾನೆ. “ಹೆಂಡ್ತಿ ಬಸ್ ಖಾಲಿ ಮಾಡಿಸ್ತಾಳೆ, ಗಂಡ ಅಪಿ ಮಾರ್ತಾನೆ. ಈ ಬ್ಯಾಟರಿಗಳನ್ನ ಕೆಡಿಸೋದೂ ಇವರೇ ಇರ್ಬೇಕು.”

ಎಲ್ಲರೂ ನಗುತ್ತಾ, ಬೈಯುತ್ತಾ ಇಳಿಯುತ್ತಾರೆ. ಸತುರ್ನಿನಾ ಮುಂದಿನ ಸೀಟನ್ನು ಎತ್ತುತ್ತಾರೆ. ಈ ಗಾಡಿಗಳಲ್ಲಿ ಬ್ಯಾಟರಿ ಇರುವುದು ಆ ಸೀಟಿನ ಕೆಳಗೆ, ಅಂದರೆ ಯಾರದೋ ತೊಡೆಯ ಕೆಳಗೆ. ಮೊದಲು ಅದರ ಪಕ್ಕೆಗಳನ್ನು ಕೈಯಿಂದ ಸವರುತ್ತಾರೆ. ಬಗ್ಗಿ ಮೂಸುತ್ತಾರೆ. ದೀಪ, ಹಾಡು, ಫ್ಯಾನು ಎಲ್ಲ ಆರಿದೆಯೇ ಎಂದು ಕೇಳುತ್ತಾರೆ. ಕೆಂಪು ಹಿಡಿಕೆ ಕೆಂಪಿಗೆ. ಕಪ್ಪನ್ನು ಮಾತ್ರ ಬ್ಯಾಟರಿಗೆ ಕಚ್ಚಿಸದೆ, ಸ್ವಲ್ಪ ದೂರದ ಎಂಜಿನ್ನಿನ ಒಂದು ಬೋಲ್ಟಿಗೆ, ಕಿಡಿ ಹಾರಿದರೂ ಬ್ಯಾಟರಿಯಿಂದ ಆಚೆ ಹಾರಲಿ ಎಂದು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತುತ್ತದೆ. “ಮುಖ ತಿರುಗಿಸು ಮೇಸ್ತ್ರಿ. ಈಗ ಹೊಡಿ.”

ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಮೈಕೊಡವಿ ಏಳುತ್ತದೆ. ಹೊಗೆಕೊಳವೆಯಿಂದ ದಪ್ಪ ಬಿಳಿ ಹಬೆ. ಸತುರ್ನಿನಾ ಹಿಡಿಕೆಗಳನ್ನು ಬಿಡಿಸಿ, ಪೆಟ್ಟಿಗೆಯನ್ನು ಅಂಗೈಯಿಂದ ಮುಟ್ಟಿ ಅದರ ಬಿಸಿ ನೋಡುತ್ತಾರೆ. ತೃಪ್ತಿಯಾದ ಮೇಲೆ ಶಾಲಿನೊಳಗೆ ಸೇರಿಸುತ್ತಾರೆ. “ಹೋಗೋ ದಾರೀಲಿ ಎಲ್ಲೂ ಆರಿಸ್ಬೇಡ. ಇದು ಔಷಧಿ ಅಲ್ಲ, ಒಂದು ತಳ್ಳು ಅಷ್ಟೇ. ಬ್ಯಾಟರಿ ಬದಲಾಯಿಸೋ ಅಂತ ಹೋದ ವರ್ಷದಿಂದ ಹೇಳ್ತಿದ್ದೀನಿ.”

ಇಲ್ಲಿ ಚಳಿಗಾಲವಾದ ಜೂನ್, ಜುಲೈ ತಿಂಗಳ ಮುಂಜಾವುಗಳಲ್ಲಿ ಇದು ದಿನವೂ ನಡೆಯುವ ಮಾತುಕತೆ. ಚಳಿ ಹದವಾಗಿದ್ದರೆ ಮೂರೋ ನಾಲ್ಕೋ ಗಾಡಿ. ಹಿಮಬೆಟ್ಟದ ಕಡೆಯಿಂದ ಗಾಳಿ ಬೀಸಿ ಆಕಾಶ ನಿಚ್ಚಳವಾಗಿದ್ದ ದಿನ ಹತ್ತನ್ನೂ ದಾಟುತ್ತದೆ. ಕೆಳಗಿನ ಲಾ ಪಾಸ್ ನಗರದಲ್ಲಿ ಅಂಗಡಿ ತೆರೆಯಬೇಕಾದವರು, ಮನೆಗೆಲಸಕ್ಕೆ ಹೋಗಬೇಕಾದವರು, ಆಸ್ಪತ್ರೆಯ ಸರದಿಯಲ್ಲಿ ನಿಲ್ಲಬೇಕಾದವರು ಇಲ್ಲಿಂದಲೇ ಹೊರಡಬೇಕು. ಅವರಲ್ಲಿ ಹೆಚ್ಚಿನವರಿಗೆ ಈ ಹೆಂಗಸಿನ ಹೆಸರು ಗೊತ್ತಿಲ್ಲ. ಚಳಿಯಲ್ಲಿ ತಮ್ಮನ್ನು ಕೆಳಗಿಳಿಸಿದ ಹಟಮಾರಿ ಎಂದಷ್ಟೇ ನೆನಪು.

ಹಿಂದೆ ಈ ಗಂಡ ಹೆಂಡತಿ ಮಾಡುತ್ತಿದ್ದ ಕೆಲಸವೇ ಬೇರೆ. ಇದೇ ನಿಲ್ದಾಣದಲ್ಲಿ ಅಪಿ ಮಾರುತ್ತಿದ್ದವರು ಸತುರ್ನಿನಾ. ಕೆನ್ನೇರಳೆ ಜೋಳದ ಹಿಟ್ಟನ್ನು ಚಕ್ಕೆ, ಲವಂಗ ಹಾಕಿ ಕುದಿಸಿದ ಆ ಗಂಜಿ, ಜೊತೆಗೆ ಎಣ್ಣೆಯಲ್ಲಿ ಉಬ್ಬಿಸಿದ ಬುನ್ಯೂಲೊ. ಚಾಲಕರಿಗೆ ಅದೇ ಬೆಳಗಿನ ತಿಂಡಿ. ಗಂಡ ಸೆವೆರೊ ಮಿನಿಬಸ್ ಓಡಿಸುತ್ತಿದ್ದರು. ಆಗೆಲ್ಲ ಗಾಡಿ ಏಳದಿದ್ದರೆ ಇನ್ನೊಂದು ಗಾಡಿಯನ್ನು ಎದುರಿಗೆ ತಂದು, ಉದ್ದನೆಯ ತಂತಿ ಕಟ್ಟಿ ಕರೆಂಟು ಹಾಯಿಸುತ್ತಿದ್ದರು. ಹರಿದ ತಂತಿ, ತುಕ್ಕು ಹಿಡಿದ ಹಿಡಿಕೆ. ಕಿಡಿ ಹಾರುವುದು ಮಾಮೂಲು. ಕಿಡಿ ಹಾರಿದರೆ “ಜೀವ ಇದೆ” ಎಂದು ಖುಷಿಪಡುತ್ತಿದ್ದರು.

ಒಂದು ಬೆಳಿಗ್ಗೆ ಸೆವೆರೊ ಸ್ನೇಹಿತನ ಗಾಡಿಯ ಬ್ಯಾಟರಿಯ ಮೇಲೆ ಬಗ್ಗಿ ಕೊನೆಯ ಹಿಡಿಕೆ ಕಚ್ಚಿಸುತ್ತಿದ್ದರು. ಕಿಡಿ ಹಾರಿ ಬ್ಯಾಟರಿ ಸಿಡಿಯಿತು. ಸತುರ್ನಿನಾ ಅಪಿ ತುಂಬಿಸುತ್ತಿದ್ದರಂತೆ. “ಪಟಾಕಿ ಅಂದ್ಕೊಂಡೆ. ಯಾವುದೋ ಹಬ್ಬ ಇರ್ಬೇಕು ಅಂತ. ತಿರುಗಿ ನೋಡಿದ್ರೆ ಇವರು ಮುಖ ಹಿಡ್ಕೊಂಡು ಮಂಡಿ ಊರಿದ್ದಾರೆ.” ಪಾತ್ರೆ ತೊಳೆಯಲು ಇಟ್ಟಿದ್ದ ಎರಡು ಕೊಡ ನೀರನ್ನೂ ಗಂಡನ ಮುಖದ ಮೇಲೆ ಸುರಿದರು. ಆ ನೀರು ಬಲಗಣ್ಣನ್ನು ಉಳಿಸಿತು. ಎಡಗಣ್ಣಿಗೆ ಆಸಿಡ್ ಇಳಿದುಹೋಗಿತ್ತು.

ಒಂದು ಕಣ್ಣಿನವನಿಗೆ ಜನರನ್ನು ಕೂರಿಸಿಕೊಂಡು ಓಡಿಸುವ ಪರವಾನಗಿ ಇಲ್ಲ. ಸೆವೆರೊ ತಿಂಗಳುಗಟ್ಟಲೆ ಮನೆಯ ಗೋಡೆಗೆ ಒರಗಿ ಬಿಸಿಲು ಕಾಯುತ್ತಾ ಕೂತರು. ಆಮೇಲೆ ಒಂದು ದಿನ ಹೆಂಡತಿಯ ಹಿಂದೆಯೇ ನಿಲ್ದಾಣಕ್ಕೆ ಬಂದು, ಕೇಳದೆಯೇ ಲೋಟ ತೊಳೆಯಲು ಶುರು ಮಾಡಿದರು. ಈಗ ಅಪಿಯ ಗಾಡಿ ಅವರದು. ಕಪ್ಪು ಕನ್ನಡಕ, ಬಿಳಿ ಏಪ್ರನ್. ಅವರ ಅಪಿ ತೆಳು ಎಂಬುದು ಚಾಲಕರ ಮುಗಿಯದ ದೂರು. “ಸಾತು ಕೈದು ಗೋಂದಿನ ಹಾಗಿರ್ತಿತ್ತು, ಚಮಚ ನೆಟ್ಟಗೆ ನಿಲ್ತಿತ್ತು,” ಎಂದು ಯಾರಾದರೂ ಹೇಳಿದರೆ ಸೆವೆರೊ ಅವನ ಲೋಟಕ್ಕೆ ಇನ್ನೊಂದಿಷ್ಟು ಬಿಸಿನೀರು ಬೆರೆಸಿ ಕೊಡುತ್ತಾರೆ.

ಮೊದಲ ಪೆಟ್ಟಿಗೆಯನ್ನು ಸತುರ್ನಿನಾ ಕೊಂಡದ್ದು ಸಂತೆಯಲ್ಲಿ, ನೆಲದ ಮೇಲೆ ಹಾಸಿದ ಹಳೆಯ ಫೋನು, ಚಾರ್ಜರುಗಳ ರಾಶಿಯಿಂದ. ಮೇಲೆ ಕಂಪನಿಯ ಹೆಸರಿಲ್ಲ, ದೊಡ್ಡ ದೊಡ್ಡ ಅಂಕಿಗಳು ಮಾತ್ರ ಇದ್ದವು. “ಲಾರಿನೂ ಎಬ್ಬಿಸುತ್ತೆ ಅಂದ. ಲಾರಿ ಯಾಕಪ್ಪಾ, ಮಿನಿಬಸ್ ಎದ್ರೆ ಸಾಕು ಅಂದೆ.” ಎದ್ದಿತು. ಒಂದಿಡೀ ಚಳಿಗಾಲ ಎಬ್ಬಿಸಿತು. ಎರಡು ಗಾಡಿ ಎದುರುಬದುರು ನಿಲ್ಲಿಸಬೇಕಿಲ್ಲ, ತಂತಿ ಹುಡುಕಬೇಕಿಲ್ಲ, ಸಾಲಿನ ನಡುವೆ ಸಿಕ್ಕಿಕೊಂಡ ಗಾಡಿಗೂ ನಡೆದು ಹೋಗಿ ಹಚ್ಚಬಹುದು. ಚಾಲಕರು ಚಿಲ್ಲರೆ ಕೊಟ್ಟರು, ಇಲ್ಲದವರು ರೊಟ್ಟಿ ಕೊಟ್ಟರು. ಅಪಿಯ ಗಾಡಿಗಿಂತ ಇದರಲ್ಲೇ ಮನಸ್ಸು ನೆಟ್ಟಿತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಪೆಟ್ಟಿಗೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ಚಳಿ ಕೊರೆಯುವ ಅಂಗಳದ ಶೆಡ್ಡಿನಲ್ಲಿ ಅದನ್ನು ಚಾರ್ಜಿಗೆ ಹಾಕುತ್ತಿದ್ದರು. ಮಧ್ಯಾಹ್ನ ಯಾರದೋ ಗಾಡಿಯ ಮುಂಗಾಜಿನ ಹಿಂದೆ ಇಟ್ಟು ಮರೆಯುತ್ತಿದ್ದರು. ಗಾಳಿ ಎಷ್ಟೇ ತಣ್ಣಗಿದ್ದರೂ ಈ ಎತ್ತರದ ಬಿಸಿಲು ಗಾಜಿನ ಹಿಂದೆ ಕೈ ಸುಡುವಷ್ಟಾಗುತ್ತದೆ. ಎರಡನೆಯ ಚಳಿಗಾಲದ ಹೊತ್ತಿಗೆ ಪೆಟ್ಟಿಗೆಯ ಹೊಟ್ಟೆ ಉಬ್ಬಿತು. ಮುಚ್ಚಳದ ಅಂಚು ಬಿರಿಯಿತು.

“ಮಗಳು ನಿಲ್ಡಾ ನೋಡಿ, ಅಮ್ಮಾ ಇದು ಬುನ್ಯೂಲೊ ತರ ಊದಿದೆ ಅಂದ್ಲು. ನಾನೂ ನಕ್ಕೆ. ರಬ್ಬರ್ ಪಟ್ಟಿ ಸುತ್ತಿದೆ, ಕೆಲಸಕ್ಕೆ ಹೋದೆ,” ಎನ್ನುತ್ತಾರೆ ಸತುರ್ನಿನಾ. ಹೇಳುವಾಗ ನಗುವುದಿಲ್ಲ.

ಆ ವರ್ಷದ ಆಗಸ್ಟಿನ ಒಂದು ಬೆಳಿಗ್ಗೆ ಅವರು ಎಂದಿನಂತೆ ಪೆಟ್ಟಿಗೆಯನ್ನು ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ತುಂಬಿದ ಮಿನಿಬಸ್ಸಿನಲ್ಲಿ ನಿಲ್ದಾಣಕ್ಕೆ ಬಂದರು. ಪಕ್ಕದಲ್ಲಿ ಶಾಲೆಗೆ ಹೊರಟ ಮಕ್ಕಳು ಅವರ ಬೆನ್ನಿಗೆ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದರು. ಇಳಿದ ಕೂಡಲೇ ಒಂದು ಹಳೆಯ ಡೀಸೆಲ್ ಗಾಡಿಗೆ ಪೆಟ್ಟಿಗೆ ಹಚ್ಚಿದರು. ಚಾಲಕ ಕೀಲಿ ಬಿಡದೆ ತಿರುಗಿಸಿದ. ಗಾಡಿ ಎದ್ದಿತು. ಪೆಟ್ಟಿಗೆಯನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು ಅಪಿಯ ಗಾಡಿಯ ಕಡೆ ನಡೆದರು.

“ಬೆನ್ನು ಬೆಚ್ಚಗಾಯ್ತು. ಮಗು ಉಚ್ಚೆ ಹೊಯ್ದಾಗ ಆಗುತ್ತಲ್ಲ, ಹಾಗೆ. ನಾಲ್ಕು ಮಕ್ಕಳನ್ನ ಅದೇ ಶಾಲಲ್ಲಿ ಹೊತ್ತವಳು ನಾನು, ಒಂದು ಗಳಿಗೆ ನಿಜವಾಗ್ಲೂ ಹಾಗೇ ಅನ್ನಿಸ್ತು. ಆಮೇಲೆ ಸುಡೋಕೆ ಶುರುವಾಯ್ತು. ಸಿಹಿ ಸಿಹಿ ವಾಸನೆ ಬಂತು. ಗಂಟು ಬಿಚ್ಚೋಕೆ ಕೈ ಬರ್ತಿಲ್ಲ, ಚಳಿಗೆ ಬೆರಳು ಮರಗಟ್ಟಿತ್ತು.”

ಹೇಗೋ ಗಂಟು ಬಿಚ್ಚಿ, ಶಾಲು ಸಮೇತ ಎದುರಿನ ಖಾಲಿ ನಿವೇಶನಕ್ಕೆ ಎಸೆದರು. ನೆಲಕ್ಕೆ ಬೀಳುವ ಮೊದಲೇ ಹಾವಿನ ಹಾಗೆ ಬುಸುಗುಟ್ಟಿ ಬಿಳಿ ಹೊಗೆ ಎದ್ದಿತು, ಹಿಂದೆಯೇ ಬೆಂಕಿ ಚಿಮ್ಮಿತು. ಓಡಿಬಂದ ಚಾಲಕರನ್ನು ತಾವೇ ಅಡ್ಡ ನಿಂತು ತಡೆದರು. ಆ ಹೊಗೆ ಕುಡಿಯಬಾರದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಗಂಟಲೇ ಹೇಳಿತು. ಪೆಟ್ಟಿಗೆ ತಾನಾಗಿ ಉರಿದು ಮುಗಿಯಿತು. ಅವರ ತಾಯಿ ನೇಯ್ದಿದ್ದ ಶಾಲಿನಲ್ಲಿ ಒಂದು ಅಂಚು ಉಳಿಯಿತು. ಬೆನ್ನಿನ ಮೇಲೆ ಅಂಗೈಯಗಲದ ಸುಟ್ಟ ಗಾಯ.

ಗಾಯ ಬೇಗ ಮಾಯ್ದಿತು. ಆ ಮಕ್ಕಳು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. “ಇಳಿಯೋಕೆ ಸ್ವಲ್ಪ ತಡ ಆಗಿದ್ರೆ? ದಾರೀಲಿ ಗಾಡಿ ನಿಂತಿದ್ರೆ? ಕಣ್ಣು ಮುಚ್ಚಿದ್ರೆ ಆ ಮಕ್ಕಳ ತಲೆ ನನ್ನ ಬೆನ್ನಿಗೆ ತಾಗ್ತಿತ್ತು.” ಇನ್ನು ಆ ಕೆಲಸ ಬೇಡ ಎಂದು ತೀರ್ಮಾನಿಸಿ, ಗಂಡನ ಪಕ್ಕದಲ್ಲಿ ನಿಂತು ಹಿಟ್ಟು ಕದಡಲು ಶುರು ಮಾಡಿದರು.

ಚಳಿ ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ಚಾಲಕರು ಹಳೆಯ ತಂತಿಗಳನ್ನು ಹೊರತೆಗೆದರು. ಮತ್ತೆ ಎದುರುಬದುರು ಗಾಡಿ, ಮತ್ತೆ ಕಿಡಿ. ತಂತಿ ಕಂಡ ಕೂಡಲೇ ಸೆವೆರೊ ಸೌಟು ಬಿಟ್ಟು ನಿಲ್ದಾಣದ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ಅವರು ಹೋಗುವಷ್ಟರಲ್ಲೇ ಯಾವುದೋ ಹಿಡಿಕೆ ಚಟಾರ್ ಎಂದಿತು. ಸೆವೆರೊ ಕೈಯಲ್ಲಿದ್ದ ಕುದಿಯುವ ಅಪಿ ಪೂರ್ತಿ ಅವರ ಕಾಲ ಮೇಲೆ ಬಿತ್ತು.

ಮನೆಯಲ್ಲಿ ಗಂಡನ ಕಾಲಿಗೆ ಮುಲಾಮು ಹಚ್ಚುತ್ತಿದ್ದಾಗ ನಡೆದ ಮಾತನ್ನು ಇಬ್ಬರೂ ಹೇಳುತ್ತಾರೆ, ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು.

“ಮುದುಕಿ, ಇನ್ನೊಂದು ಪೆಟ್ಟಿಗೆ ತಗೋ ಅಂದೆ,” ಎನ್ನುತ್ತಾರೆ ಸೆವೆರೊ.

“ನಿನಗೆ ಹುಚ್ಚು ಹಿಡಿದಿದೆಯಾ, ನನ್ನ ಬೆನ್ನು ನೋಡಿದ್ದೀಯಾ ಅಂದೆ.”

“ನೋಡಿದ್ದೀನಿ. ನೀನು ನನ್ನ ಕಣ್ಣು ನೋಡಿದ್ದೀಯಾ ಅಂದೆ. ಎರಡೂ ತಪ್ಪು ಮಾಡಿದ್ದಕ್ಕೇ ಆಗಿದ್ದು. ಪೆಟ್ಟಿಗೆದಾದ್ರೂ ಸರಿ ಮಾಡಬಹುದು, ಆ ಹುಡುಗರ ಕೈಗೆ ತಂತಿ ಸಿಕ್ರೆ ಯಾರು ಸರಿ ಮಾಡ್ತಾರೆ? ಊದಿದ್ದನ್ನ ಇಟ್ಕೋಬೇಡ ಅಷ್ಟೇ. ಒಳ್ಳೇದು ತಗೋ.”

ಚಾಲಕರ ಸಂಘದವರು ಕೈಲಾದಷ್ಟು ಸೇರಿಸಿದರು. ಗಡಿಯಾಚೆ ಇಕಿಕೆ ಬಂದರಿಗೆ ಲಾರಿ ಓಡಿಸುವ ಸತುರ್ನಿನಾರ ತಮ್ಮ ಅಲ್ಲಿನ ದೊಡ್ಡ ಅಂಗಡಿಯಿಂದ ರಸೀದಿ ಸಮೇತ ಹೊಸ ಪೆಟ್ಟಿಗೆ ತಂದ. ಹಿಡಿಕೆ ಅದಲು ಬದಲಾದರೆ ಇದು ಕೀಂ ಎಂದು ಕೂಗಿ ಕರೆಂಟು ಬಿಡುವುದೇ ಇಲ್ಲ. ಬಿಸಿಯಾದರೆ ತಾನೇ ಆರುತ್ತದೆ. ಜೊತೆಗಿದ್ದ ಪುಸ್ತಿಕೆಯನ್ನು ನಿಲ್ಡಾ ಓದಿ ಹೇಳಿದಳು. ತಾಯಿ ಎರಡೆರಡು ಸಲ ಓದಿಸಿದರು.

ಈಗ ಪೆಟ್ಟಿಗೆಗೆ ಮನೆಯಲ್ಲಿ ಮರ್ಯಾದೆಯೇ ಬೇರೆ. ಸಂಜೆ ಒಲೆ ಹಚ್ಚಿ ಅಡುಗೆಮನೆ ಬೆಚ್ಚಗಾದ ಮೇಲೆಯೇ ಚಾರ್ಜು. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಿದರೆ ಅದರ ಒಳಗೆ ಪೆಟ್ಟಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಇಡುವುದು ಕಲ್ಲುಚಪ್ಪಡಿಯ ಮೇಲೆ. ಸುತ್ತ ಬಟ್ಟೆಯಿಲ್ಲ, ಒಲೆಗೂ ಹತ್ತಿರವಿಲ್ಲ. ಎಲ್ಲರೂ ಎಚ್ಚರ ಇರುವಾಗ ಮಾತ್ರ. ಮಲಗುವ ಮುನ್ನ ತಂತಿ ಕೀಳಲೇಬೇಕು. ಚಳಿಗೆ ಪೆಟ್ಟಿಗೆಯ ಕಸುವೂ ಕುಗ್ಗುತ್ತದೆ, ಅದಕ್ಕೇ ನಿಲ್ದಾಣದಲ್ಲಿ ಅದು ಶಾಲಿನೊಳಗೆ. ಆದರೆ ಈಗ ಬೆನ್ನಿಗಲ್ಲ, ಎದೆಯ ಮೇಲೆ. ಗಂಟಿನ ಬದಲು ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ. ಗಾಡಿ ಎಬ್ಬಿಸಿ ಬಂದ ಕೂಡಲೇ ಒಳಗೆ ಸೇರಿಸುವುದಿಲ್ಲ, ಮುಟ್ಟಿ ನೋಡಿ, ಬಿಸಿ ಇದ್ದರೆ ಆರಲು ಬಿಡುತ್ತಾರೆ. ಮೂರು ಸಲಕ್ಕೆ ಗಾಡಿ ಏಳದಿದ್ದರೆ ನಾಲ್ಕನೆಯದು ಇಲ್ಲ. “ಮೂರಕ್ಕೂ ಏಳಲಿಲ್ಲ ಅಂದ್ರೆ ಕಾಯಿಲೆ ಬೇರೆ ಇದೆ ಅಂತ. ಮೆಕ್ಯಾನಿಕ್ ಕರಿ, ನನ್ನ ಕರೀಬೇಡ.”

ಕೆಲವು ಚಾಲಕರು ಈಗ ತಮ್ಮದೇ ಪೆಟ್ಟಿಗೆ ಕೊಂಡಿದ್ದಾರೆ. ಸತುರ್ನಿನಾರಿಗೆ ಅದರಿಂದ ಬೇಸರವಿಲ್ಲ. ಆದರೆ ಮಧ್ಯಾಹ್ನ ನಿಲ್ದಾಣದಲ್ಲಿ ಒಂದು ಸುತ್ತು ಹಾಕಿ ಮುಂಗಾಜುಗಳೊಳಗೆ ಇಣುಕುತ್ತಾರೆ. ಬಿಸಿಲಿನಲ್ಲಿ ಪೆಟ್ಟಿಗೆ ಕಂಡರೆ ಮುಗಿಯಿತು. “ಯಾರಪ್ಪಾ ಇದು, ಪಾಪುನ ಬಿಸಿಲಲ್ಲಿ ಮಲಗಿಸಿರೋದು?” ಎಂಬ ಅವರ ಕೂಗು ಕೇಳಿದರೆ ಯಾರೋ ಒಬ್ಬ ಊಟ ಬಿಟ್ಟು ಓಡಿಬರುತ್ತಾನೆ.

ಎಲ್ಲರೂ ಓಡಿಬರುವವರಲ್ಲ. ಕಳೆದ ಜುಲೈನಲ್ಲಿ ಚಳಿ ಅತಿಯಾದ ವಾರ. ಎದ್ವಿನ್ ತಾರ್ಕಿ ಎಂಬ ಚಾಲಕ ತನ್ನ ತಾಯಿ ಕ್ರಿಸೋಸ್ತೊಮಾರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಿಲ್ದಾಣದಲ್ಲಿ ಕಾಯುತ್ತಿದ್ದ. ತಾಯಿಗೆ ಮಂಡಿ ನೋವು. ಕೆಳಗಿನ ಆಸ್ಪತ್ರೆಯಲ್ಲಿ ಬೆಳಗಿನ ಸರದಿ ಚೀಟಿ ಸಿಕ್ಕರೆ ಮಾತ್ರ ಆ ದಿನ ವೈದ್ಯರು ನೋಡುತ್ತಾರೆ. ಗಾಡಿ ಎರಡು ದಿನದಿಂದ ನಿಂತಲ್ಲೇ ನಿಂತಿತ್ತು, ಬ್ಯಾಟರಿ ಪೂರ್ತಿ ಸತ್ತಿತ್ತು.

ಸತುರ್ನಿನಾ ಮುದುಕಿಯನ್ನು ಕೈಹಿಡಿದು ಇಳಿಸಿ, ಸೀಟು ಎತ್ತಿ ನೋಡಿದರು. ಬ್ಯಾಟರಿಯ ಪಕ್ಕೆಗಳು ಹೊರಗೆ ಉಬ್ಬಿದ್ದವು. ಗಾಡಿಯನ್ನು ಅಲುಗಾಡಿಸಿ ಕಿವಿಗೊಟ್ಟರು. ಒಳಗೆ ನೀರು ಕುಲುಕುವ ಸದ್ದಿಲ್ಲ. ಸೀಟನ್ನು ಮುಚ್ಚಿಬಿಟ್ಟರು.

“ಇದಕ್ಕೆ ಹಚ್ಚಲ್ಲ. ಒಳಗೆ ಮಂಜುಗಡ್ಡೆ ಆಗಿದೆ.”

“ಆಗಿದ್ರೆ ಏನೀಗ? ಕರೆಂಟು ಕೊಟ್ರೆ ಕರಗುತ್ತೆ.”

“ಕರಗೋದಲ್ಲ ಮೇಸ್ತ್ರಿ, ಸಿಡಿಯುತ್ತೆ. ಗಡ್ಡೆ ಕಟ್ಟಿದ ಬ್ಯಾಟರಿಗೆ ಕರೆಂಟು ಕೊಡಬಾರ್ದು. ನನ್ನ ಪೆಟ್ಟಿಗೆದೂ ಬೇಡ, ಯಾರ ಗಾಡಿದೂ ಬೇಡ.”

“ದೋನ್ಯಾ, ನಮ್ಮಮ್ಮ ವಾರದಿಂದ ಮಲಗಿಲ್ಲ ನೋವಲ್ಲಿ. ಚೀಟಿ ತಪ್ಪಿದ್ರೆ ನೀವು ಕೊಡಿಸ್ತೀರಾ?” ಎದ್ವಿನ್ ದನಿ ಏರಿತು. “ಕೊಡಲ್ಲ ಅಂದ್ರೆ ಬಿಡಿ. ನೆಮೆಸಿಯೊ! ನಿನ್ನ ತಂತಿ ತಗೊಂಡ್ ಬಾ.”

ನೆಮೆಸಿಯೊ ಹಿಂದೆಮುಂದೆ ನೋಡಿ ತಂತಿ ತರಲು ಹೊರಟ. ಆಗ ಸತುರ್ನಿನಾ ಲಂಗದ ನೆರಿಗೆ ಒಟ್ಟುಮಾಡಿಕೊಂಡು ಗಾಡಿ ಹತ್ತಿ, ಆ ಸೀಟಿನ ಮೇಲೆಯೇ ಗಟ್ಟಿಯಾಗಿ ಕೂತರು. ಬ್ಯಾಟರಿ ಅವರ ಕೆಳಗೆ. ಅವರು ಏಳುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ.

“ಇಳೀರಿ ದೋನ್ಯಾ. ಇದು ನನ್ನ ಗಾಡಿ.”

“ಹೌದು, ನಿಂದೇ. ಕೂತಿದ್ದೀನಿ ಅಷ್ಟೇ. ಚಾರ್ಜು ತಗೋ ಬೇಕಿದ್ರೆ.”

ಎದ್ವಿನ್ ಬೈದ. ಮುದುಕಿ ಕ್ರಿಸೋಸ್ತೊಮಾ ಕೂಡ ಹೊರಗಿನಿಂದ ಐಮಾರಾ ಭಾಷೆಯಲ್ಲಿ ಶಾಪ ಹಾಕಿದರು. ನಿನ್ನ ಮಂಡಿಗೂ ಹೀಗೇ ಆಗಲಿ ಎಂದರು. ನೆಮೆಸಿಯೊ ತಂತಿ ಸುರುಳಿ ಹಿಡಿದು ಬಂದು ಏನೂ ತೋಚದೆ ನಿಂತ. ಆಗ ಅಪಿಯ ಗಾಡಿಯ ಕಡೆಯಿಂದ ಸೆವೆರೊ ಬಂದರು. ತಂತಿ ಕಂಡರೆ ದೂರ ಹೋಗುತ್ತಿದ್ದ ಮನುಷ್ಯ ಆ ದಿನ ನೇರವಾಗಿ ಅದರ ಹತ್ತಿರವೇ ನಡೆದು ಬಂದರು. ಎದ್ವಿನ್ ಎದುರು ನಿಂತು ಕಪ್ಪು ಕನ್ನಡಕ ತೆಗೆದರು. ಎದ್ವಿನ್ ಮೂರು ವರ್ಷದಿಂದ ಅವರ ಕೈಯ ಅಪಿ ಕುಡಿಯುತ್ತಿದ್ದರೂ ಕನ್ನಡಕದ ಹಿಂದೆ ಏನಿದೆ ಎಂದು ನೋಡಿರಲಿಲ್ಲ.

ಆಮೇಲೆ ನೆಮೆಸಿಯೊ ತಂತಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. “ನಡೀರಿ ದೋನ್ಯಾ ಕ್ರಿಸೋಸ್ತೊಮಾ, ನನ್ನ ಗಾಡೀಲಿ ಬಿಡ್ತೀನಿ. ನನ್ನ ಪಾಳಿ ಹೋದ್ರೆ ಹೋಗ್ಲಿ,” ಎಂದು ಮುದುಕಿಯನ್ನು ಎತ್ತಿ ಕೂರಿಸಿಕೊಂಡು ಹೊರಟ.

ಕಥೆ ಇಲ್ಲಿ ಚೆನ್ನಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವರು ತಲುಪುವಷ್ಟರಲ್ಲಿ ಚೀಟಿ ಮುಗಿದಿತ್ತು. ಮುದುಕಿ ಇನ್ನೂ ಒಂದು ರಾತ್ರಿ ನೋವು ತಿಂದು ಮರುದಿನ ಹೋಗಬೇಕಾಯಿತು. ಇತ್ತ ಮಧ್ಯಾಹ್ನದ ಬಿಸಿಲಿಗೆ ಬ್ಯಾಟರಿಯೊಳಗಿನ ಗಡ್ಡೆ ಕರಗಿತು. ಸತುರ್ನಿನಾ ಬಿರುಕು, ಸೋರಿಕೆ ನೋಡಿ, ಏನೂ ಕಾಣದಿದ್ದುದರಿಂದ ಪೆಟ್ಟಿಗೆ ಹಚ್ಚಿದರು. ಗಾಡಿ ಒಂದೇ ಏಟಿಗೆ ಎದ್ದಿತು.

“ನೋಡಿದ್ರಾ? ಏನೂ ಆಗ್ಲಿಲ್ಲ!” ಎಂದು ಎದ್ವಿನ್ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ. “ಸುಮ್ನೆ ಹೆದರಿಸಿದ್ರು. ನಮ್ಮಮ್ಮ ಮನೇಲಿ ನರಳ್ತಿದ್ದಾಳೆ.”

“ಏನೂ ಆಗಬಾರ್ದು ಅಂತಾನೇ ಅಲ್ವಾ ಕೂತಿದ್ದು,” ಎಂದಷ್ಟೇ ಹೇಳಿ ಸತುರ್ನಿನಾ ಹಿಡಿಕೆ ಬಿಡಿಸಿಕೊಂಡರು. ಆದರೆ ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವರಿಗೆ ತಮ್ಮ ಮೇಲೆಯೇ ಅನುಮಾನ. ಬೆಳಿಗ್ಗೆಯೇ ಹಚ್ಚಿದ್ದರೂ ಎದ್ದುಬಿಡುತ್ತಿತ್ತೋ ಏನೋ. ಮುದುಕಿಯ ನೋವು ತಪ್ಪುತ್ತಿತ್ತೋ ಏನೋ. “ಅದು ಯಾವತ್ತೂ ಗೊತ್ತಾಗಲ್ಲ,” ಎನ್ನುತ್ತಾರೆ. “ಸಿಡಿದಿದ್ರೆ ನಾನು ಹೇಳಿದ್ದು ಸರಿ ಅಂತಿದ್ರು. ಸಿಡೀಲಿಲ್ಲ, ಅದಕ್ಕೆ ಬೈಸ್ಕೊಂಡೆ. ಈ ಕೆಲಸಾನೇ ಹಾಗೆ. ಬೈಸ್ಕೊಳ್ಳೋದೇ ವಾಸಿ.”

ಎದ್ವಿನ್ ಬಹಳ ದಿನ ಮಾತು ಬಿಟ್ಟಿದ್ದ. ಅಪಿಯನ್ನೂ ಆಚೆ ಇನ್ನೊಬ್ಬರ ಗಾಡಿಯಲ್ಲಿ ಕುಡಿಯುತ್ತಿದ್ದ. ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನ ಗಾಡಿ ಮತ್ತೆ ಏಳಲಿಲ್ಲ. ಸತುರ್ನಿನಾ ದೂರದಿಂದಲೇ ನೋಡುತ್ತಿದ್ದರು, ಕರೆಯದೆ ಹೋಗುವುದು ಹೇಗೆ ಎಂದು. ಎದ್ವಿನ್ ತಾನೇ ಜನರನ್ನು ಕೆಳಗಿಳಿಸಿದ. ಸೀಟು ಎತ್ತಿದ. ಬ್ಯಾಟರಿಯ ಪಕ್ಕೆಗಳನ್ನು ಸವರಿದ. ಗಾಡಿಯನ್ನು ಅಲುಗಾಡಿಸಿ ಕಿವಿಗೊಟ್ಟ. ಆಮೇಲೆ ಇತ್ತ ತಿರುಗಿ, “ನೀರು ಕುಲುಕ್ತಿದೆ ದೋನ್ಯಾ, ಬನ್ನಿ,” ಎಂದ. ಅಷ್ಟೇ.

ಕ್ರಿಸೋಸ್ತೊಮಾರ ಮಂಡಿಗೆ ಈಗ ಸ್ವಲ್ಪ ವಾಸಿ. ಸಂತೆಗೆ ಹೋಗುವಾಗ ಇಲ್ಲಿ ಇಳಿದು ಅಪಿ ಕುಡಿಯುತ್ತಾರೆ. ಮೊದಲ ಸಲ ಬಂದಾಗ ಲೋಟ ಊದುತ್ತಾ, “ಆವತ್ತು ನಿನಗೆ ಶಾಪ ಹಾಕಿದ್ದೆ ಕಣೇ. ವಾಪಸ್ ತಗೊಂಡಿದ್ದೀನಿ. ನಿನ್ನ ಗಂಡನ ಅಪಿ ಮಾತ್ರ ನೀರು,” ಎಂದರಂತೆ.

ಸೂರ್ಯ ಮೇಲೇರಿದ ಮೇಲೆ ನಿಲ್ದಾಣದ ಇಬ್ಬನಿ ಕರಗಿ ನೆಲ ಒದ್ದೆಯಾಗುತ್ತದೆ. ಗಾಡಿಗಳೆಲ್ಲ ಹೊರಟುಹೋಗಿವೆ. ಸತುರ್ನಿನಾ ಅಪಿಯ ಗಾಡಿಯ ಪಕ್ಕದ ಮಣೆಯ ಮೇಲೆ ಕೂತು ಬೂಟು ಕಳಚಿ ಕಾಲು ಬಿಸಿಲಿಗೆ ಒಡ್ಡುತ್ತಾರೆ. ಪೆಟ್ಟಿಗೆ ಮಾತ್ರ ಗಾಡಿಯ ಕೆಳಗಿನ ನೆರಳಿನಲ್ಲಿ. ಸೆವೆರೊ ಕೊನೆಯ ಲೋಟವನ್ನು, ತಳದಲ್ಲಿ ಉಳಿದ ದಪ್ಪನೆಯದನ್ನು, ಹೆಂಡತಿಗೆ ಕೊಡುತ್ತಾರೆ. ಅದು ದಿನವೂ ಅವರಿಗೇ ಮೀಸಲು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಲೋಟದಿಂದ ಒಂದು ಗುಟುಕು ಹೀರುತ್ತಾರೆ. ದೊಡ್ಡ ಪೆಟ್ಟಿಗೆ? ಅಂಗಡಿ? ತಲೆ ಅಲ್ಲಾಡಿಸುತ್ತಾರೆ. ಆಮೇಲೆ ನಿಧಾನವಾಗಿ, “ಯುಂಗಾಸ್ ಕಡೆ ಹೋಗ್ಬೇಕು ಒಂದ್ಸಲ. ಕೆಳಗೆ. ಅಲ್ಲಿ ಕಿತ್ತಲೆ ಬೆಳೆಯುತ್ತಂತೆ, ಬೆಳಿಗ್ಗೆನೂ ಸೆಕೆ ಅಂತೆ. ಗಾಡಿಗಳು ತಾವಾಗೇ ಏಳ್ತವಂತೆ,” ಎನ್ನುತ್ತಾರೆ.

“ಅಲ್ಲಿ ಹೋದ್ರೆ ನಿನ್ನ ಯಾರು ಕರೀತಾರೆ ಮುದುಕಿ?” ಎನ್ನುತ್ತಾರೆ ಸೆವೆರೊ, ಲೋಟಗಳನ್ನು ಒರೆಸುತ್ತಾ.

“ಯಾರೂ ಕರೀಬಾರ್ದು ಅಂತಾನೇ ಹೋಗೋದು. ಮುಂದಿನ ಸೀಟಲ್ಲಿ ಕೂತ್ಕೋತೀನಿ. ಎಲ್ಲೂ ಇಳಿಯಲ್ಲ.”